ಉಳಿಕೆ

ಹನ್ನೆರಡು ಆಲೆಮನೆ, ಒಂದೊಂದರಲ್ಲಿ ಐದು ಅಡುಗೆ,
ಒಂದೊಂದು ಅಡುಗೆಯಿಂದ ಮೂರು ಅಚ್ಚು.
ನೂರಾ ಎಂಬತ್ತು ಪೊಟ್ಟಣ ಬೆಲ್ಲ ನನ್ನ ಮೇಜಿನ ಮೇಲೆ,
ಮೂಲೆ ಹರಿದವಕ್ಕೆಲ್ಲ ಇರುವೆ.
ಮಂಡ್ಯದ ಈ ಲ್ಯಾಬಿಗೆ ಕರೆಂಟು ನಾಲ್ಕು ಗಂಟೆಗೆ ಬರುತ್ತದೆ,
ಬಂದ ಕೂಡಲೆ ಪರದೆ ಕೇಳುತ್ತದೆ:
ಯಾವುದು ಸ್ಥಿರ? ಯಾವುದು ರ‍್ಯಾಂಡಮ್?

ಬೆಂಡೆಯ ಲೋಳೆ ಹಾಕಿದ್ದು, ಹಾಕದೆ ಬಿಟ್ಟಿದ್ದು: ಸ್ಥಿರ.
ಹೆಸರು ಹಿಡಿದು ಕೇಳಿದ ಪ್ರಶ್ನೆ, ಹೆಸರು ಹಿಡಿದೇ ಉತ್ತರ ಬೇಕು.
ಆಲೆಮನೆ ರ‍್ಯಾಂಡಮ್.
ಚೀಟಿ ಎತ್ತಿದಾಗ ಕೀಲಾರ ಬಂತು, ಬಸರಾಳು ಬಂತು,
ದುದ್ದ ಬರಬಹುದಿತ್ತು, ಬರಲಿಲ್ಲ.
ಇವುಗಳ ಹೆಸರು ಬೇಡ ನನಗೆ,
ಇಂಥವುಗಳ ಹರಹು ಸಾಕು.

ಅಡುಗೆ ಆಲೆಮನೆಯ ಒಳಗೆ. ಹಾಗಂತ ಬರೆಯಬೇಕು.
ಮೊದಲ ಸಲ ಮರೆತೆ;
ಕೀಲಾರದ ಮೂರನೆಯದೂ ಹೊಳಲಿನ ಮೂರನೆಯದೂ
ಒಂದೇ ತಾಯ ಮಕ್ಕಳೆಂದುಕೊಂಡು
ಅರವತ್ತು ಅಡುಗೆಯನ್ನು ಐದು ಮಾಡಿ ಕೂರಿಸಿತ್ತು.
ತಿದ್ದಿ ಮತ್ತೆ ಓಡಿಸಿದೆ.

ಆಲೆಮನೆಯ ವೇರಿಯನ್ಸ್: ಸೊನ್ನೆ.
ಕೆಳಗೊಂದು ಸಣ್ಣ ಸಾಲು,
ಲೆಕ್ಕ ಸೊನ್ನೆಗಿಂತ ಕೆಳಗಿಳಿಯುತ್ತಿತ್ತು, ಅಲ್ಲೇ ತಡೆದಿದ್ದೇನೆ ಎಂದು.
ಹನ್ನೆರಡು ಒಲೆ, ಹನ್ನೆರಡು ಊರ ನೀರು,
ಒಂದಕ್ಕೂ ಒಂದಕ್ಕೂ ಏನೂ ಫರಕಿಲ್ಲವೆ?

ಹೊಳಲಿನಲ್ಲಿ ಥರ್ಮಾಮೀಟರು ಹಿಡಿದು ನಿಂತಿದ್ದೆ.
ಪಾಕದ ಚಿಕ್ಕಬೋರಯ್ಯ ನಕ್ಕ, ‘ಆ ಕಡ್ಡಿ ಯಾಕವ್ವ?’
ಒಂದು ತೊಟ್ಟು ತಣ್ಣೀರಿಗೆ ಬಿಟ್ಟ, ಬೆರಳಲ್ಲಿ ಉರುಟಿದ,
ಬಟ್ಟಲ ಅಂಚಿಗೆ ಬಡಿದ: ಟಕ್.
‘ಇಳ್ಸಿ.’
ಆಮೇಲೆ ಗಮಚ ಕೊಡವುತ್ತ ಅಂದಿದ್ದ,
‘ನಾಳಿಕ್ಕೆ ಸಿಕ್ಕಕ್ಕಿಲ್ಲ. ಕೀಲಾರದಲ್ಲಿರ್ತೀನಿ.’

ಅದು ನೆನಪಾದದ್ದು ಈಗ.
ಫೋನು ಹಚ್ಚಿದೆ, ಒಬ್ಬೊಬ್ಬ ಯಜಮಾನನಿಗೂ.
ಹನ್ನೆರಡು ಆಲೆಮನೆಗೆ ಪಾಕ ಹಿಡಿಯುವವರು ಏಳೇ ಜನ,
ಸೈಕಲ್ಲಿನಲ್ಲಿ, ಟಿವಿಎಸ್ಸಿನಲ್ಲಿ, ಊರಿಂದೂರಿಗೆ.
ಒಳಗೆ ಒಳಗೆ ಎಂದು ನಾನು ಕಂಸ ಹಾಕುತ್ತಿದ್ದಾಗ
ಅವರು ಬೇಲಿ ದಾಟಿ ಓಡಾಡುತ್ತಿದ್ದರು.

ಹೊಸ ಕಾಲಂ ಸೇರಿಸಿದೆ, ಹೆಸರು ‘ಕೈ’.
ಏಳೇ ಕೈಗೆ ಎಂಥ ಹರಹು ಎಂದರು ಗೈಡು.
ಇರಲಿ ಎಂದೆ, ರ‍್ಯಾಂಡಮ್ ಎಂದೇ ಬರೆದೆ.
ಈ ಸಲ ಕೈಯ ಪಾಲು ಎದ್ದು ಬಂತು,
ಆಲೆಮನೆ ಸೊನ್ನೆಯಲ್ಲೇ ಕೂತಿತು.
ಹೆಸರು ಬೇಡವೆಂದವಳೇ ಕದ್ದು ಪಟ್ಟಿ ತೆಗೆದು ನೋಡಿದೆ:
ಚಿಕ್ಕಬೋರಯ್ಯ ಸರಾಸರಿಗಿಂತ ಮೇಲೆ,
ಆದರೆ ಅವನ ನಿಜವಾದ ಎತ್ತರದಿಂದ
ಒಂದಿಷ್ಟು ಕೆಳಕ್ಕೆಳೆದು ಎಲ್ಲರ ಹತ್ತಿರ ಕೂರಿಸಿದೆ ಲೆಕ್ಕ.
ಗೊತ್ತಾದರೆ ಬೈಯುತ್ತಾನೆ.

ಉಳಿಕೆ ಇನ್ನೂ ಅರ್ಧದಷ್ಟಿದೆ.
ಒಲೆಯ ಬಾಯಿಗೆ ರಚ್ಚು ನೂಕುತ್ತಿದ್ದ ಮಾಳಮ್ಮ,
ಮಗು ಅತ್ತಾಗ ಎದ್ದು ಹೋಗಿ ಬಂದದ್ದು,
ಅಷ್ಟರಲ್ಲಿ ಉರಿ ಕುಗ್ಗಿದ್ದು,
ಯಾವ ಅಡುಗೆಯಲ್ಲಿ ಎಂದು ಬರೆದುಕೊಂಡಿರಲಿಲ್ಲ ನಾನು.

ಹರಿದ ಪೊಟ್ಟಣದ ಇರುವೆ ಊದಿ
ಒಂದು ಚೂರು ಬಾಯಿಗೆ ಹಾಕಿಕೊಂಡೆ.
ಸಿಹಿಗೆ ಮೊದಲು ಹೊಗೆ.
ಅದಕ್ಕೆ ನನ್ನಲ್ಲಿ ಕಾಲಂ ಇಲ್ಲ.