ಹಿನ್ನೆಲೆ ಸದ್ದು

ಇನ್ನೂರೇಳು ಪದಗಳ ಪಟ್ಟಿ ಕೊಟ್ಟವನು ನಾನೇ.
ಕಣ್ಣು, ಕಿವಿ, ಹೇನು, ಬೂದಿ, ಹಿಮ.
ಹಿಮಕ್ಕೆ ಏನೆನ್ನುತ್ತೀರಿ ಎಂದಾಗ ಸೀಂತು ಅಜ್ಜಿ ಕೇಳಿದರಂತೆ:
'ಕ್ಯಾಂಡಿಯವನ ಡಬ್ಬಿ ಕೆರೆದರೆ ಬರ್ತದಲ್ಲ, ಅದಾ?'
ಆ ಸಾಲಿನೆದುರು ಬಬಿತಾ ಪೆನ್ಸಿಲಿನಲ್ಲಿ
ಬರೆದಿದ್ದಳು: ನಗು, ನಾಲ್ಕು ಸೆಕೆಂಡ್.

ನಾನು ಕೆಂಪು ಶಾಯಿಯಲ್ಲಿ: ಇದೆಂತ?

ಉಡುಪಿಯಿಂದ ಹಿರಿಯಡ್ಕಕ್ಕೆ ಬಸ್ಸು, ಮತ್ತೆ ರಿಕ್ಷಾ, ಮತ್ತೆ ನಡಿಗೆ.
ನಗರಸಭೆಯ ಪೊರಕೆ ಕೆಳಗಿಟ್ಟು ಹನ್ನೊಂದು ವರ್ಷವಾದ ಕೈ
ಬಳ್ಳಿ ಸೀಳುತ್ತ ಪದ ಹೇಳುತ್ತದೆ.
ಒಂಬತ್ತು ಭಾನುವಾರ ಹೋಗಿ ಬಂದು ಬರೆದಳು:
'ಈ ಕಾಲನಿಯಲ್ಲಿ ಕೊರಗ ಭಾಷೆ ಆಡುವವರು ಏಳು ಮಂದಿ,
ಎಲ್ಲರೂ ಅರವತ್ತು ದಾಟಿದವರು.'
ನಿಮ್ಮ ಮನೆಯಲ್ಲಿ? ಎಂದೆ.
'ಇಲ್ಲ ಸರ್, ನಾವು ತುಳುವೇ.'
ಶಾಲಿನ ತುದಿ ಬೆರಳಿಗೆ ಸುತ್ತಿಕೊಂಡಳು.

ನಾನೂ ಅಮ್ಮನ ಫೋನು ಬಂದರೆ
ಸ್ಟಾಫ್ ರೂಮಿನಿಂದ ಹೊರಗೆ ಹೋಗಿ ಕೊಂಕಣಿ ಆಡುವವ.
ಆದರೆ ನನ್ನ ಮಾತು ಕೇಳಿ
ಯಾರೂ ನನ್ನ ಲೋಟ ಬೇರೆ ಇಟ್ಟಿಲ್ಲ.

ನವರಾತ್ರಿ ರಜೆಯಲ್ಲಿ ಕಡತ ಹದಿನಾಲ್ಕು ಕೇಳುತ್ತ ಕೂತೆ.
ಮೂವತ್ತೊಂದನೇ ನಿಮಿಷಕ್ಕೆ ಪದಗಳು ಮುಗಿಯುತ್ತವೆ.
ಮುಂದಕ್ಕೆ ಅವಳ ಟಿಪ್ಪಣಿ: ಹಿನ್ನೆಲೆ ಸದ್ದು.
ರೆಕಾರ್ಡರ್ ಆರಿಸಲು ಮರೆತಿದ್ದಾಳೆ.
ಕೋಳಿ. ಕುಕ್ಕರ್. ಮೀನಿನ ಸ್ಕೂಟರಿನ ಪೋಂ ಪೋಂ.
ಅಜ್ಜಿ ಏನೋ ಕೇಳುತ್ತಾರೆ.
ಹರೆಯದ ದನಿಯೊಂದು ಒಂಚೂರೂ ತಡವರಿಸದೆ
ಅಜ್ಜಿಯ ಭಾಷೆಯಲ್ಲೇ, ಅಜ್ಜಿಗಿಂತ ಬಿರುಸಾಗಿ
ಉತ್ತರಿಸುತ್ತದೆ, ಬೈಯುತ್ತದೆ,
ಮಾತ್ರೆ ನುಂಗಲಿಲ್ಲವೆಂದು ಇರಬೇಕು;
ಅದರಲ್ಲಿ ನನಗೆ ತಿಳಿದದ್ದು
'ಶುಗರ್' ಒಂದೇ.

ಸೋಮವಾರ ಅವಳ ಮುಂದೆ ಆ ಹಾಳೆ ಇಟ್ಟೆ.
ಏಳರ ಕೆಳಗೆ ಎಂಟು ಎಂದು ಬರೆದು
ಎದುರು ಜಾಗ ಬಿಟ್ಟಿದ್ದೆ.
ತುಂಬ ಹೊತ್ತು ನೋಡಿದಳು.
'ಹಾಸ್ಟೆಲಿನಲ್ಲಿ ಗೊತ್ತಾಗ್ತದಾ ಸರ್?'
'ಪ್ರಬಂಧ ಯಾರು ಓದ್ತಾರೆ ಮಾರಾಯ್ತಿ' ಎಂದೆ.
ಅವಳು ನಗಲಿಲ್ಲ. ನನಗೇ ನಾಚಿಕೆಯಾಯಿತು.

ಜಾಗ ಖಾಲಿಯೇ ಉಂಟು, ಹದಿನೆಂಟು ದಿನದಿಂದ.
ನಾನು ಕೇಳಿಲ್ಲ. ಕೇಳುವುದನ್ನೇ
ಇಷ್ಟು ವರ್ಷ ಕಲಿಸಿದವನಿಗೆ
ಇದು ಹೊಸ ಪಾಠ.

ನಿನ್ನೆ ಮೊದಲ ವರ್ಷದ ಹುಡುಗಿಯೊಬ್ಬಳನ್ನು ಕರೆತಂದಿದ್ದಳು,
ಪೆರ್ಡೂರಿನವಳಂತೆ. ಬಾಗಿಲ ಹೊರಗೆ, ಕಾರಿಡಾರಿನಲ್ಲಿ,
ಹೋಗಿ ಬರುವವರ ನಡುವೆ
ಇಬ್ಬರೂ ದೊಡ್ಡದಾಗಿ ಮಾತಾಡುತ್ತಿದ್ದರು.
ಒಳಗೆ ನಾನು, ಒಂದಕ್ಷರ ತಿಳಿಯದೆ,
ಕೆಂಪು ಪೆನ್ನಿನ ಮುಚ್ಚಳ ಹಾಕಿ ಕೂತೆ.
ಎಲ್ಲೋ ಒಂದು ಕಡೆ ನಕ್ಕರು.
ಎಣಿಸಿದೆ. ನಾಲ್ಕು ಸೆಕೆಂಡಿಗೆ ನಿಲ್ಲಲಿಲ್ಲ.