ಕುಸುರೆಳ್ಳು

ಬಿದ್ದದ್ದು ಕಾರ್ತಿಕದಲ್ಲಿ, ಬಚ್ಚಲ ಕಲ್ಲಿನ ಮೇಲೆ.
ಪ್ಲಾಸ್ಟರ್ ಬಿಚ್ಚುವುದು ಸಂಕ್ರಾಂತಿ ಕಳೆದ ಮೇಲೆ.
"ಈ ವರ್ಷ ಅಂಗಡೀದೇ ತರೋಣ" ಅಂದಳಂತೆ ಸೊಸೆ.
ರಖುಮಾಯಿ ಮಾತಾಡಲಿಲ್ಲ.
ಮರುದಿನ ಎಡಗೈಯಲ್ಲಿ ಬಡಿಯುತ್ತ ಬಂದರು
ಓಣಿಯ ಮೂರು ಬಾಗಿಲು.

ಹಾಗೆ ಕೂತೆವು, ಚೌಕಿಪೇಟೆಯ ಅವರ ಹಿತ್ತಿಲಲ್ಲಿ,
ನಾಲ್ವರಿಗೆ ಸೇರಿ ಎಂಟು ಕೈ,
ಒಂದು ಪ್ಲಾಸ್ಟರಿನೊಳಗೆ;
ಎಂಟು ಕಣ್ಣು, ಎರಡರಲ್ಲಿ ಪೊರೆ.
ಅವು ತಿಪ್ಪಕ್ಕನವು,
ಆಪರೇಷನ್ನಿಗೆ ಯುಗಾದಿ ಹತ್ತಿರದ ದಿನ ಕೊಟ್ಟಿದ್ದಾರೆ.
ಜೈನಾಬಿಯ ಬೆರಳು ನಲವತ್ತು ವರ್ಷ ಬೀಡಿ ಸುತ್ತಿದವು,
ಸುಮ್ಮನೆ ಕೂತರೆ ಈಗಲೂ ಸೆರಗಿನ ತುದಿ ಸುತ್ತುತ್ತವೆ.
ನಾನು ಗಿರಣಿಯವನು. ರಿಂಗ್ ಫ್ರೇಮ್, ಮೂರನೇ ಪಾಳಿ.
ಕಡಿದ ನೂಲನ್ನು ಕಣ್ಣು ಮುಚ್ಚಿ ಕೂಡಿಸುತ್ತಿದ್ದ ಕೈ
ಈಗ ಚಹಾದ ಬಸಿಗೆ ತಾಳ ಹಾಕಲು ಕಲಿಸಿದೆ.
"ಗಂಡಸರು ಇದಕ್ಕೆ ಕೂರೋದುಂಟೇನ್ರಿ?" ಅಂದೆ.
"ಕೂರಬೇಡಿ. ಇದ್ದಿಲು ಊದ್ರಿ."

ಕೆಲಸ ಸುಲಭ, ಮುಗಿಯುವುದಿಲ್ಲ ಅಷ್ಟೇ.
ಹೊಟ್ಟು ತೆಗೆದ ಎಳ್ಳು, ಒಂದು ಹಿಡಿ, ಹೆಚ್ಚಿಗೆ ಬೇಡ.
ಅಗಲದ ಕಂಚಿನ ತಾಟು, ಕೆಳಗೆ ಬೂದಿ ಹೊದ್ದ ಕೆಂಡ;
ಅಂಗೈ ಇಟ್ಟರೆ ಬೆಚ್ಚಗೆ ಅನ್ನಬೇಕು,
ಹಾ ಅನ್ನಬಾರದು.
ಹಾಲು ಬಿಟ್ಟು ಕೊಳೆ ತೆಗೆದ ಸಕ್ಕರೆ ಪಾಕ, ನೀರಿನಷ್ಟು ತೆಳು.
ಒಂದು ಚಮಚ. ಬೆರಳಾಡಿಸು, ಒಣಗುವ ತನಕ.
ಇನ್ನೊಂದು. ಮತ್ತೆ ಬೆರಳಾಡಿಸು.
ಹೀಗೆ ಮೂರು ಬೆಳಗು, ನಾಲ್ಕು ಬೆಳಗು.
"ಚಳಿ ಕಚ್ಚಿದರೇನೇ ಸಕ್ಕರೆಗೆ ಮುಳ್ಳು ಏಳೋದು"
ಎಂದರು ರಖುಮಾಯಿ, ಮಫ್ಲರಿನೊಳಗಿಂದ.

ಮೊದಲ ದಿನ ಪಾಕ ಬಿಡುವ ಸರದಿ ನನಗೆ ಬಂತು.
ಚಮಚ ನಡುಗಿತು, ಅರ್ಧ ಬಟ್ಟಲು ಒಮ್ಮೆಗೇ.
ಉಂಡೆ ಕಟ್ಟಿದ್ದನ್ನು ಮೊಮ್ಮಕ್ಕಳಿಗೆ ಕೊಟ್ಟರು,
ಅವು ನನ್ನನ್ನು ಬಹಳ ಹೊಗಳಿದವು.
ಎರಡನೇ ದಿನ ಮಂಜು. ಎಳ್ಳು ಬೆವರಿತು.
ಮುಳ್ಳಿಲ್ಲ, ನುಣ್ಣಗೆ, ಔಷಧಿ ಗುಳಿಗೆಯ ಹಾಗೆ.
"ನಮಗೆ ಬಿಟ್ಟರೆ ಇದೇ ಆಗೋದು" ಎಂದು ಜೈನಾಬಿ
ಎರಡು ನುಂಗಿ ನೀರು ಕುಡಿದಳು.

ಮೂರನೇ ದಿನ ಗೂಡಿನಲ್ಲಿ ಕಂಡೆ
ದೀಪದ ಬತ್ತಿಗೆ ಇಟ್ಟ ಹತ್ತಿ.
ಹಳೆಯ ಚಟ, ಎರಡು ಹೆಬ್ಬೆರಳ ನಡುವೆ ಎಳೆದು
ಎಳೆ ಎಷ್ಟುದ್ದ ನೋಡಿದೆ.
ಒಂದು ಚೂರು ಪಾಕದಲ್ಲಿ ಅದ್ದಿದೆ.
ಹತ್ತಿ ಕುಡಿಯಿತು, ಹಿಡಿದುಕೊಂಡಿತು.
ತಾಟಿನ ಮೇಲೆ ಎತ್ತಿದರೆ, ನನ್ನ ಕೈ ತನ್ನ ಪಾಡಿಗೆ ತಾನು
ನಡುಗಿತು. ಉದುರಿದವು
ಹನಿ, ಹನಿ, ಸಾಸಿವೆಗಿಂತ ಸಣ್ಣವು,
ತಾಟಿನ ತುಂಬ.
ಜೈನಾಬಿಯ ಬೆರಳು ಎಲೆಯಿಲ್ಲದ ಬೀಡಿ ಸುತ್ತತೊಡಗಿದವು.
ತಿಪ್ಪಕ್ಕ ಕಿವಿ ಬಾಗಿಸಿ ಹೇಳುವಳು:
"ಇನ್ನೂ ಹಸಿ... ಇನ್ನೂ ಹಸಿ...
ಹಾಂ, ಈಗ ಸದ್ದು ಒಣಗಿತು, ಬಿಡು."
ರಖುಮಾಯಿ ಬೈಯುವುದನ್ನು ನಿಲ್ಲಿಸಿದರು.
ಅದೊಂದೇ ನಮಗೆ ಹೆದರಿಕೆ ಹುಟ್ಟಿಸಿತು.

ಬಿಸಿಲು ಗೋಡೆಯಿಂದಿಳಿದು ತಾಟಿಗೆ ಬಂದಾಗ
ಬಗ್ಗಿ ನೋಡಿದೆವು.
ಮೊಗ್ಗಿನ ಮೈಯಂತೆ, ಗಲ್ಲದ ಮೇಲಿನ ನಾಳೆಯ ಗಡ್ಡದಂತೆ,
ಅಲ್ಲ, ಯಾವುದರ ಹಾಗೂ ಅಲ್ಲ,
ಎಳ್ಳಿನ ಮೇಲೆ ಮುಳ್ಳು.
ತಿಪ್ಪಕ್ಕ ನಾಲಿಗೆಯಿಂದ ನೋಡಿದಳು.

ಹಬ್ಬದ ಸಂಜೆ ಕಾಗದದ ಪೊಟ್ಟಣ, ಮನೆಗೊಂದು.
"ತಿಂದು ಒಳ್ಳೇದು ಮಾತಾಡ್ರಿ."
"ಕೆಟ್ಟದ್ದು ಕಚ್ಚಿ ಆಡೋಕೆ ಹಲ್ಲೆಲ್ಲಿದೆ" ಎಂದಳು ಜೈನಾಬಿ.
ರಖುಮಾಯಿ ಒಂದು ಕಾಳು ದೀಪಕ್ಕೆ ಹಿಡಿದರು, ಸುಮಾರು ಹೊತ್ತು.
"ಇದರೊಳಗೆ ಹತ್ತಿಯ ಎಳೆ ಇದೆ, ನೋಡಿ."
ನಿಜ, ಮುಳ್ಳುಗಳ ನಡುವೆ ಸಣ್ಣಗೆ ಬಿಳಿ.
ಮೂವತ್ತು ವರ್ಷ ಇಂಥದ್ದಕ್ಕೇ ಸಂಬಳ ಹಿಡಿಯುತ್ತಿದ್ದರು.
ನಾನು ಕೈ ಚಾಚಿದೆ, ಆರಿಸಿ ಎಸೆಯಲು.
ಅವರು ಅದನ್ನು ಬಾಯಿಗೆ ಹಾಕಿಕೊಂಡು
ಮುಂದಿನ ಪೊಟ್ಟಣ ಕಟ್ಟತೊಡಗಿದರು,
ಒಂದೇ ಕೈಯಲ್ಲಿ, ದಾರದ ತುದಿಯನ್ನು
ನನ್ನ ಬೆರಳಿಗೆ ಕೊಟ್ಟು.