ಎರಡನೇ ಕರಡಚ್ಚು

ವಲ್ಪರೈಸೊ. ಬಂದರಿನ ಮೇಲಣ ಅಚ್ಚುಕೂಟ.
ಯುಲಾಲಿಯಾ ಬೆರ್ರಿಯೋಸ್ ಕೆಂಪು ಪೆನ್ಸಿಲು ಹೆರೆಯುತ್ತಾಳೆ.

ನಾಲ್ಕನೇ ಅಧ್ಯಾಯದಲ್ಲಿ ಮುಳುಗಿ ಸತ್ತವನು
ಒಂಬತ್ತರಲ್ಲಿ ಬಾಗಿಲು ತಟ್ಟುತ್ತಾನೆ,
ಟೋಪಿ ಕೂಡ ಒದ್ದೆಯಿಲ್ಲ.
ಅಂಚಿನಲ್ಲಿ ಬರೆದಳು: ‘ಇವನು ಸತ್ತಿದ್ದನಲ್ಲ?’
ಲೇಖಕನ ಉತ್ತರ ಬಂತು: ‘ಹೌದು. ಇರಲಿ.’

ಪುಟದಡಿಯ ಸಣ್ಣಕ್ಷರದ ಟಿಪ್ಪಣಿ ಬೇರೆ:
ಎಪ್ಪತ್ತಮೂರನೇ ಪುಟದಲ್ಲಿ ಹೇಳಿದ್ದು ಸುಳ್ಳು,
ಸುಳ್ಳು ಅಂದದ್ದೂ ಅಷ್ಟೇ.
ಕೊನೆಗೆ ಮೂರು ಕೊನೆ. ಬೇಕಾದ್ದು ಆರಿಸಿಕೋ ಅಂತಾನೆ,
ಮೀನಂಗಡಿಯವನ ಹಾಗೆ.

ಹೊಸ ಬಗೆಯಂತೆ ಇದು. ಜಾಣರ ಆಟವಂತೆ.

ಅವಳಿಗೆ ಅವ್ವ ನೆನಪಾದಳು. ಓದು ಬಾರದವಳು.
ತಮ್ಮನ ದೋಣಿ ಮರಳದ ವರ್ಷ
ಒಂದು ದಿನ ಅವನು ಪೆರುವಿನ ಆಸ್ಪತ್ರೆಯಲ್ಲಿದ್ದ,
ಇನ್ನೊಂದು ದಿನ ಯಾವಳನ್ನೋ ಕಟ್ಟಿಕೊಂಡು ದ್ವೀಪದಲ್ಲಿ,
ಮತ್ತೊಂದು ದಿನ, ಇಗೋ, ಮೆಟ್ಟಿಲು ಹತ್ತುತ್ತಿದ್ದ.
ಒಂದೊಂದು ಕತೆಗೂ ಒಂದೊಂದು ತಟ್ಟೆ ಇಡುತ್ತಿದ್ದಳು,
ಮೂರರಲ್ಲೂ ಸಾರು ಆರುತ್ತಿತ್ತು.
ಸಾಕು ಬಿಡವ್ವ, ಅವನು ಸತ್ತ, ಎಂದು
ತಿದ್ದಿದವಳು ತಾನೇ.

ರಬ್ಬರು ಹುಡುಕಿ ಅಂಚಿನ ಪ್ರಶ್ನೆ ಅಳಿಸಿದಳು.
ಟೋಪಿಯಲ್ಲೊಂದು ಅಕ್ಷರ ಬಿಟ್ಟುಹೋಗಿತ್ತು,
ಅದನ್ನಷ್ಟೇ ಸೇರಿಸಿದಳು.